ಅವ್ವನ ಇಳಕಲ್ ಸೀರೆ, ನನ್ನ ಅಲೋಹಾ ಶರ್ಟ್

ಇಳಕಲ್ ಸೀರೆಯಲ್ಲಿ ಅಲೋಹಾ ಶರ್ಟ್ ಹೊಲಿಯಲಿಕ್ಕೆ ಹೋಗಿ ಆರು ಶರ್ಟ್ ಹಾಳು ಮಾಡಿದ ಮೇಲೆ ಏಳನೆಯದು ಸರಿಯಾಗಿ ಕೂತಿತು. ಭುಜ ಸರಿ ಬಂತು, ಜೇಬಿನ ಚೌಕಡಿ ಎದೆಯ ಚೌಕಡಿಗೆ ಗೆರೆಗೆ ಗೆರೆ ಕೂಡಿತು, ನಾಲ್ಕು ಸಲ ಒಗೆದರೂ ದಡಿಯ ಕೆಂಪು ಬಿಡಲಿಲ್ಲ. ಹೋದ ಶುಕ್ರವಾರ ಅದನ್ನೇ ಹಾಕಿಕೊಂಡು ಆಫೀಸಿಗೆ ಹೋದೆ. ಲಿಫ್ಟಿನಲ್ಲಿ ಗುರುತಿಲ್ಲದವರೊಬ್ಬರು ಯಾವ ಅಂಗಡಿಯದು ಅಂತ ಕೇಳಿದರು. ಹವಾಯಿಯ ಹೊನೊಲುಲುಗೆ ಬಂದು ಹದಿಮೂರು ವರ್ಷ ಆಯಿತು, ನನ್ನ ಬಟ್ಟೆ ಬಗ್ಗೆ ಯಾರೂ ಒಂದು ಮಾತು ಕೇಳಿದ್ದಿಲ್ಲ. ಆಗೋದಿಲ್ಲ ಅಂದವರೆಲ್ಲ ಓದಲಿ ಅಂತಾನೇ ಇದನ್ನು ಬರೆಯುತ್ತಿದ್ದೇನೆ.

ಹೊಲಿಗೆ ಗೊತ್ತಿದ್ದವರಿಗೆ ಬರೆದದ್ದು ಇದು. ಮಷಿನ್ ಹೆಂಗೆ ಓಡಿಸಬೇಕು, ಕಾಜಾ ಹೆಂಗೆ ಮಾಡಬೇಕು ಅಂತ ಹೇಳುತ್ತಾ ಕೂರುವುದಿಲ್ಲ.

ಇಲ್ಲಿ ಶುಕ್ರವಾರ ಅಂದರೆ ಅಲೋಹಾ ಶರ್ಟ್, ಹವಾಯಿಯ ಅರ್ಧ ತೋಳಿನ ಬಣ್ಣಬಣ್ಣದ ಶರ್ಟ್. 1966ರಲ್ಲಿ ಇಲ್ಲಿನ ಬಟ್ಟೆ ತಯಾರಕರು ಒತ್ತಾಯ ಮಾಡಿ ಶುರು ಮಾಡಿಸಿದ ಪದ್ಧತಿ. ಈಗ ವಾರದ ಎಲ್ಲ ದಿನವೂ ಅದೇ. ವಕೀಲರೂ ಹಾಕುತ್ತಾರೆ, ಬ್ಯಾಂಕಿನವರೂ ಹಾಕುತ್ತಾರೆ, ಮದುವೆಗೂ ನಡೆಯುತ್ತದೆ, ಮಣ್ಣಿಗೂ ನಡೆಯುತ್ತದೆ. ಪ್ಯಾಂಟಿನೊಳಗೆ ಸಿಕ್ಕಿಸುವುದಿಲ್ಲ, ಹೊರಗೆ ಬಿಡಬೇಕು. ಒಳ್ಳೆ ಕಂಪನಿಯದು ಬೇಕು ಅಂದರೆ ನೂರು ಡಾಲರ್ ಮೇಲೆಯೇ. ನಾನು ಹತ್ತು ವರ್ಷ ಹಳೇ ಬಟ್ಟೆ ಅಂಗಡಿಯಲ್ಲಿ ಹನ್ನೆರಡು ಡಾಲರಿಗೆ ಸಿಕ್ಕಿದ್ದರಲ್ಲೇ ಕಾಲ ಕಳೆದೆ.

ಮರುಳು ಹತ್ತಿದ್ದು ಪಲಾಕಾ ಅನ್ನುವ ಬಟ್ಟೆ ನೋಡಿ. ಕಬ್ಬಿನ ತೋಟದ ಕೂಲಿಗಳು ಹಾಕುತ್ತಿದ್ದ ನೀಲಿ-ಬಿಳಿ ಚೌಕಡಿ ಬಟ್ಟೆ ಅದು. ಅಂಗಡಿಯಲ್ಲಿ ನೇತು ಹಾಕಿದ್ದನ್ನು ಕಂಡು ಒಂದು ಗಳಿಗೆ ನಿಂತೇ ಬಿಟ್ಟೆ. ಅವ್ವ ಹೊಲಕ್ಕೆ ಹೋಗುವಾಗ ಉಡುತ್ತಿದ್ದ ಚೌಕಡಿ ಸೀರೆ ಇದೇ ಅಲ್ವಾ ಅನಿಸಿತು. ಆಮೇಲೆ ಗೊತ್ತಾಯಿತು, ಮೊದಮೊದಲ ಅಲೋಹಾ ಶರ್ಟುಗಳನ್ನು ಇಲ್ಲಿನ ಜಪಾನಿ ದರ್ಜಿಗಳು ಕಿಮೋನೋ ಬಟ್ಟೆಯಲ್ಲೇ ಹೊಲಿದು ಕೊಡುತ್ತಿದ್ದರಂತೆ. ಮುಸಾಶಿಯಾ ಅನ್ನುವ ಅಂಗಡಿ 1935ರಲ್ಲಿ ಪೇಪರಿನಲ್ಲಿ ಜಾಹೀರಾತು ಕೊಟ್ಟಿತ್ತು, 95 ಸೆಂಟಿನಿಂದ ಶುರು ಅಂತ. ಎಲರಿ ಚುನ್ ಅನ್ನುವ ಚೀನೀ ಮೂಲದ ವ್ಯಾಪಾರಿ 'ಅಲೋಹಾ ಶರ್ಟ್' ಅನ್ನುವ ಹೆಸರನ್ನು ತನ್ನ ಅಂಗಡಿಗೆ ನೋಂದಾಯಿಸಿಕೊಂಡ. ಕಿಮೋನೋ ಶರ್ಟ್ ಆಗಬಹುದಾದರೆ ಇಳಕಲ್ ಸೀರೆ ಯಾಕಾಗಬಾರದು?

ಅವ್ವನಿಗೆ ಫೋನ್ ಮಾಡಿದೆ. "ಉಟ್ಟ ಸೀರಿ ಹರದು ಅಂಗಿ ಹೊಲ್ಕೋತಿಯೇನೋ ಹುಚ್ಚಪ್ಪ? ಮಂದಿ ಏನಂದಾರು? ಕೌದಿ ಹೊಲಿ, ಹೊಚ್ಕೊಳ್ಳಾಕರ ಬರ್ತದ" ಅಂದಳು. ಆದರೂ ಮೂರು ಹಳೇ ಸೀರೆ ಕಟ್ಟಿಸಿ ಕಳಿಸಿದಳು. ಪಕ್ಕದ ಮನೆ ಆಂಟಿ ಇದ್ದಾರೆ, ಎಪ್ಪತ್ತೆಂಟು ವಯಸ್ಸು, ಮೂವತ್ತು ವರ್ಷ ಶರ್ಟ್ ಫ್ಯಾಕ್ಟರಿಯಲ್ಲಿ ಬರೀ ಕಾಲರ್ ಹೊಲಿದವರು. ಸೀರೆ ಮುಟ್ಟಿ ನೋಡಿ, "ದಡಿ ಭಾರ ಆಯಿತು, ಮೈ ತೆಳು ಆಯಿತು, ಎರಡೂ ಒಟ್ಟಿಗೆ ಬಾಳೋದಿಲ್ಲ" ಅಂದರು. ಒಬ್ಬ ದರ್ಜಿಯನ್ನೂ ಕೇಳಿದೆ. ತೊಂಬತ್ತು ಡಾಲರ್ ಮಜೂರಿ ಹೇಳಿ, ಬಟ್ಟೆ ಕೆಟ್ಟರೆ ತನಗೆ ಸಂಬಂಧ ಇಲ್ಲ ಅಂದ. ಹಂಗಾದರೆ ನಾನೇ ಕೆಡಿಸುತ್ತೇನೆ ಅಂತ ನೂರಾ ನಲವತ್ತಕ್ಕೆ ಹಳೇ ಮಷಿನ್ ತಂದೆ.

ಕೆಡಿಸಿದೆ ಕೂಡ.

ಮೊದಲನೆಯದರಲ್ಲಿ ಸೆರಗನ್ನು ಬೆನ್ನ ಮೇಲೆ ತಂದೆ. ಟೋಪ್ ತೆನಿ ಅನ್ನುವ ವಿನ್ಯಾಸದ ಕೆಂಪು ಸೆರಗು ಬೆನ್ನ ತುಂಬ, ನೋಡಲಿಕ್ಕೆ ರಾಜನ ಕಳೆ. ಆದರೆ ಇಳಕಲ್ ಸೀರೆಯಲ್ಲಿ ಮೈ ಬೇರೆ, ಸೆರಗು ಬೇರೆ. ಎರಡರ ಹಾಸುನೂಲನ್ನು, ಅಂದರೆ ಉದ್ದದ ಎಳೆಗಳನ್ನು, ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಕೊಂಡಿ ನನ್ನ ಎರಡು ಹೆಗಲ ನಡುವೆ ಅಡ್ಡ ಬಂದಿತ್ತು. ಉಟ್ಟಾಗ ಅದರ ಮೇಲೆ ಎಳೆತ ಬೀಳುವುದಿಲ್ಲ, ಶರ್ಟಿನಲ್ಲಿ ಕೈ ಮುಂದೆ ಚಾಚಿದಾಗಲೆಲ್ಲ ಬೀಳುತ್ತದೆ. ಅಲಾ ಮೊಆನಾ ಬೀಚ್ ಪಾರ್ಕಿನಲ್ಲಿ ಐಸ್ ಡಬ್ಬಿ ಎತ್ತಲಿಕ್ಕೆ ಬಗ್ಗಿದೆ, ಚರ್ ಅಂತು. ಮಕ್ಕಳೆಲ್ಲ ನಕ್ಕರು. ನಮ್ಮನೆಯವಳು ಟವೆಲ್ ಹೊದಿಸಿದಳು.

ಎರಡನೆಯದು ಸವೆದ ಬಟ್ಟೆಯಿಂದ ಹೋಯಿತು. ಹಳೇ ಸೀರೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ನಿರಿಗೆ ಬೀಳುವ ಜಾಗ, ಹಿಮ್ಮಡಿಗೆ ತಾಗುವ ಅಂಚು ಮೊದಲು ಹೋಗುತ್ತವೆ. ಕತ್ತರಿ ಹಾಕುವ ಮುಂಚೆ ಕಿಟಕಿಗೆ ಹಿಡಿದು ಬೆಳಕಿನಲ್ಲಿ ನೋಡಿ, ತೆಳುವಾದಲ್ಲಿ ಸುತ್ತ ಚಾಕ್ ಹಾಕಿ. ಇದು ನನಗೆ ಹೊಳೆಯಲಿಕ್ಕೆ ಒಂದು ಶರ್ಟ್ ಬೇಕಾಯಿತು.

ಮೂರನೆಯದರಲ್ಲಿ ದಡಿಯನ್ನು ಕೆಳಗೆ ಅಂಚಿಗೆ ತಂದೆ. ಅಂಚು ಸೆಟೆದು ನಿಂತಿತು, ಲಂಗದ ಹಂಗೆ. ಆಫೀಸಿನ ಗೆಳೆಯನೊಬ್ಬ, ಇಲ್ಲಿಯವನೇ, ಹುಲಾ ಕುಣಿತ ಯಾವಾಗ ಅಂತ ಕೇಳಿದ. ಅವನು ಅವತ್ತು ಕೇಳಿದ್ದನ್ನು ನಾನಿನ್ನೂ ಮರೆತಿಲ್ಲ.

ಅವ್ವನ ಸೀರೆ ಇನ್ನು ಕೆಡಿಸಬಾರದು ಅಂತ ಊರಿಗೆ ಹೋದವರ ಕೈಲಿ ಮೂರು ಹೊಸ ಸೀರೆ ತರಿಸಿದೆ. ಎರಡು ಕೈಮಗ್ಗದವು, ಎರಡೂ ಸೇರಿ ಐದೂವರೆ ಸಾವಿರ ರೂಪಾಯಿ ಇರಬೇಕು. ಒಂದು ಪವರ್‌ಲೂಮಿನದು, ಒಂಬೈನೂರೋ ಏನೋ. ಅಗ್ಗದ್ದು ಅಗ್ಗದ ಬುದ್ಧಿಯನ್ನೇ ತೋರಿಸಿತು. ಅದರ ದಡಿಯಲ್ಲಿ ಪಾಲಿಯೆಸ್ಟರ್ ಇತ್ತು, ಬಿಸಿ ಇಸ್ತ್ರಿ ತಾಗಿದ ಕೂಡಲೇ ಹಪ್ಪಳದ ಹಂಗೆ ಸುರುಟಿತು. ಅದು ನಾಲ್ಕನೆಯದು. ಐದನೆಯದಕ್ಕೆ ಕಾಲರಿನೊಳಗೆ ಕ್ಯಾನ್ವಾಸ್ ಹಾಕಿದೆ, ಕಾಲರ್ ಪೊಲೀಸಿನವರ ಹಂಗೆ ನೆಟ್ಟಗೆ ನಿಂತಿತು. ಆರನೆಯದು ಎಲ್ಲ ಸರಿ ಬಂದು ಒಗೆದಾಗ ಬಣ್ಣ ಬಿಟ್ಟಿತು. ಬಿಳಿ ಗೆರೆಗಳೆಲ್ಲ ಗುಲಾಬಿ. ಎರಡು ದಿನ ಮಷಿನ್ ಕಡೆ ತಿರುಗಿಯೂ ನೋಡಲಿಲ್ಲ.

ಏಳನೆಯದನ್ನು ಹೊಲಿದ ರೀತಿ ಹೇಳುತ್ತೇನೆ.

ದಡಿಯನ್ನು ತೋರಿಸಬೇಡಿ, ಬಚ್ಚಿಡಿ. ಇಷ್ಟು ದಿನ ನಾನು ಮಾಡಿದ ತಪ್ಪೇ ಅದು. ಅಲೋಹಾ ಶರ್ಟಿನ ಕಾಲರ್ ತೆರೆದ ಕಾಲರ್, ಎದೆ ಹತ್ತಿರ ಒಳಪಟ್ಟಿ ಹೊರಗೆ ಮಡಚಿಕೊಳ್ಳುತ್ತದೆ. ಒಳಪಟ್ಟಿಯನ್ನು ಬೇರೆ ಕತ್ತರಿಸದೆ ಮುಂಭಾಗಕ್ಕೆ ಸೇರಿಸಿಯೇ ಕತ್ತರಿಸಿದೆ, ದಡಿ ಅದರಲ್ಲೇ ಬರುವ ಹಂಗೆ. ಎಡ ಭಾಗಕ್ಕೆ ಸೀರೆಯ ಎಡದ ದಡಿ, ಬಲ ಭಾಗಕ್ಕೆ ಬಲದ್ದು. ಗುಂಡಿ ಹಾಕಿದರೆ ಬರೀ ಚೌಕಡಿ ಶರ್ಟ್. ಮೇಲಿನ ಗುಂಡಿ ತೆಗೆದರೆ ಕುತ್ತಿಗೆಯ ಎರಡೂ ಕಡೆ ಕೆಂಪು ದಡಿ ಇಷ್ಟೇ ಇಷ್ಟು ಇಣುಕುತ್ತದೆ. ದಡಿಗೆ ತನ್ನದೇ ಗಡಸು ಇರುವುದರಿಂದ ಕ್ಯಾನ್ವಾಸ್ ಬೇಡವೇ ಬೇಡ. ಆಂಟಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಏನೂ ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ.

ಇದರಲ್ಲಿ ಇನ್ನೊಂದು ಲಾಭವಿದೆ. ಎರಡು ಮುಂಭಾಗಗಳೂ ಸೀರೆಯ ಅಗಲದಲ್ಲಿ ಅಕ್ಕಪಕ್ಕ ಬರುತ್ತವೆ. ಕೈಮಗ್ಗದ ಚೌಕಡಿ ಎಲ್ಲ ಕಡೆ ಒಂದೇ ಅಳತೆ ಇರುವುದಿಲ್ಲ, ನೇಕಾರರ ಕೈ ಒಮ್ಮೆ ಬಿಗಿ, ಒಮ್ಮೆ ಸಡಿಲ. ಒಂದರ ಕೆಳಗೆ ಒಂದು ಕತ್ತರಿಸಿದರೆ ಮೇಲೆ ಕೂಡಿದ ಗೆರೆ ಹೊಟ್ಟೆ ಹತ್ತಿರ ಬರುವಷ್ಟರಲ್ಲಿ ಅರ್ಧ ಬೆರಳು ಜಾರಿರುತ್ತದೆ. ಅಕ್ಕಪಕ್ಕ ಕತ್ತರಿಸಿದರೆ ಎರಡೂ ಒಂದೇ ಏಟಿನಲ್ಲಿ ನೇಯ್ದವು, ಜಾರುವ ಮಾತೇ ಇಲ್ಲ. ನಡುವೆ ಹತ್ತು ಹನ್ನೆರಡು ಇಂಚಿನ ಪಟ್ಟಿ ಉಳಿಯುತ್ತದೆ. ಜೇಬೂ ಕಾಲರೂ ಅದರಲ್ಲೇ ಆಯಿತು.

ಜೇಬು ಕೂರಿಸಲಿಕ್ಕೆ ಗುಂಡುಸೂಜಿ ಚುಚ್ಚಬೇಡಿ. ಸುತ್ತ ಎರಡಿಂಚು ಜಾಸ್ತಿ ಬಿಟ್ಟು ಕತ್ತರಿಸಿ, ಎದೆ ಮೇಲಿಟ್ಟು ಗೆರೆ ಕೂಡಿಸಿ, ಅಲ್ಲೇ ಅಂಚು ಮಡಚಿ ಇಸ್ತ್ರಿ ಮಾಡಿ, ಮಕ್ಕಳ ಅಂಟುಕಡ್ಡಿಯಲ್ಲಿ ಅಂಟಿಸಿ ಆಮೇಲೆ ಹೊಲಿಯಿರಿ. ಅಂಟು ಮೊದಲ ಒಗೆತಕ್ಕೆ ಹೋಗುತ್ತದೆ. ಹೆಗಲಪಟ್ಟಿ ಎರಡು ಪದರ ಇರಲಿ, ಒಳಗಿನದು ಮಲ್ಮಲ್. ಸೂಜಿ ಹನ್ನೊಂದರದ್ದು, ಅದಕ್ಕಿಂತ ದಪ್ಪ ಬೇಡ.

ಬಣ್ಣದ ವಿಷಯ. ಉಪ್ಪು ನೀರು, ವಿನೆಗರ್ ಎಲ್ಲ ನೋಡಿದೆ, ಯಾವುದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಯಾವುದು ಕೆಲಸ ಮಾಡಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬೈಯಬೇಡಿ. ಕತ್ತರಿಸುವ ಮುಂಚೆ ಮಾಡಬೇಕು, ನಾಲ್ಕು ದಿನ ಹಿಡಿಯುತ್ತದೆ ಅಂತ ಮಾತ್ರ ಹೇಳುತ್ತೇನೆ.

ಒಂದು ಶರ್ಟಿಗೆ ಎರಡೂವರೆ ಗಜ ಸಾಕು. ಒಂದು ಸೀರೆಯಲ್ಲಿ ಎರಡು ಶರ್ಟ್, ಸೆರಗು ಪೂರಾ ಉಳಿಯುತ್ತದೆ. ತೆಂಗಿನ ಚಿಪ್ಪಿನ ಗುಂಡಿ ಡಜನ್ನಿಗೆ ಐದು ಡಾಲರ್. ಚಿಪ್ಪು ನಾನೇ ಕೊರೆದು ಗುಂಡಿ ಮಾಡಿಕೊಳ್ಳುತ್ತೇನೆ ಅಂತ ಒಂದು ಭಾನುವಾರ ಕೂತೆ. ಸಂಜೆಗೆ ಮೂರು ಗುಂಡಿ, ಎರಡು ಬ್ಯಾಂಡೇಜ್. ಕೊಂಡುಕೊಳ್ಳುವುದೇ ಸರಿ. ಮಷಿನ್, ಸೀರೆ, ಹಾಳಾದದ್ದು ಎಲ್ಲ ಸೇರಿ ಸುಮಾರು ಇನ್ನೂರ ಎಪ್ಪತ್ತು ಡಾಲರ್ ಹೋಗಿರಬೇಕು. ಅಂಗಡಿಯಲ್ಲಿ ಎರಡು ಒಳ್ಳೆ ಶರ್ಟ್ ಬರುತ್ತಿದ್ದವು ಅಂತ ನಮ್ಮನೆಯವಳು ಹೇಳುತ್ತಾಳೆ. ಅವಳ ಲೆಕ್ಕದಲ್ಲಿ ತಪ್ಪಿಲ್ಲ.

ನಡುವೆ ಅವಳ ಹೂವಿನ ಪ್ರಿಂಟಿನ ಕಾಟನ್ ಸೀರೆ ಒಂದನ್ನು ಉಲ್ಟಾ ಹೊಲಿದು ನೋಡಿದೆ. ಇಲ್ಲಿ 1960ರ ದಶಕದಿಂದ ಅದೊಂದು ಶೈಲಿ. ಬಿಸಿಲಿಗೆ ಬಣ್ಣ ಹೋದಂಥ ಶರ್ಟೇ ಚೆಂದ ಅಂತ ಬಟ್ಟೆಯ ಒಳಮೈ ಹೊರಗೆ ಮಾಡಿ ಹೊಲಿಯಲಿಕ್ಕೆ ಹತ್ತಿದರು. ನನ್ನದೂ ಬಹಳ ಚೆನ್ನಾಗಿ ಬಂತು. ಆ ಸೀರೆ ಅವಳಿಗೆ ಅಷ್ಟು ಇಷ್ಟದ್ದು ಅಂತ ನನಗೆ ಗೊತ್ತಿರಲಿಲ್ಲ.

ಶರ್ಟ್ ಹೊಲಿದರೆ ಆಯಿತೇ, ಪರೀಕ್ಷೆ ಆಗುವುದು ಶನಿವಾರದ ಪಾರ್ಕಿನಲ್ಲಿ. ಪ್ರತಿ ಮನೆಯಿಂದ ಒಂದೊಂದು ಡಬ್ಬಿ. ಅನ್ನದ ಮೇಲೆ ಸ್ಪ್ಯಾಮ್ ಅನ್ನುವ ಡಬ್ಬಿ ಮಾಂಸ ಇಟ್ಟ ಮುಸುಬಿ, ಮ್ಯಾಕರೋನಿ ಸಲಾಡ್, ಹಸಿ ಮೀನಿನ ಪೋಕೆ, ತೆಂಗಿನ ಹಾಲಿನ ಹೌಪಿಯಾ. ನಾನು ಮೀನು ಮಾಂಸ ಮುಟ್ಟುವುದಿಲ್ಲ, ನನಗಂತ ಆಂಟಿ ತೋಫು ಪೋಕೆ ಮಾಡಿ ತರುತ್ತಾರೆ. ಶೋಯು, ಅಂದರೆ ಸೋಯಾ ಸಾಸ್, ಚೆಲ್ಲಿಕೊಂಡೆ, ತಣ್ಣೀರಿಗೆ ಹೋಯಿತು. ಹೆರೆದ ಮಂಜಿಗೆ ಬಣ್ಣದ ಪಾಕ ಹಾಕಿದ ಶೇವ್ ಐಸಿನ ಕೆಂಪು ಸ್ವಲ್ಪ ಹಟ ಮಾಡಿತು, ಅದೂ ಹೋಯಿತು. ಹೋಗದೆ ಉಳಿದದ್ದು ನಾನೇ ಮಾಡಿ ಒಯ್ದ ಎಣ್ಣೆಗಾಯಿಯ ಕಲೆ.

ಪೋಯ್ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇಯಿಸಿದ ಕೆಸುವಿನ ಗಡ್ಡೆ ಕುಟ್ಟಿ, ನೀರು ಸೇರಿಸಿ ಮಾಡುತ್ತಾರೆ. ಹೊಸದಾಗಿ ಬಂದವರು ಗೋಡೆಗೆ ಹಚ್ಚುವ ಅಂಟು ಅಂತ ಮೂಗು ಮುರಿಯುತ್ತಾರೆ, ಆಗ ನನಗೆ ಸಿಟ್ಟು ಬರುತ್ತದೆ. ಎರಡು ಮೂರು ದಿನ ಇಟ್ಟು ಹುಳಿ ಬರಿಸಿದ ಪೋಯ್ ಉಂಡು ನೋಡಿ, ನಮ್ಮ ಅಂಬಲಿ ಕುಡಿದು ಬೆಳೆದವರಿಗೆ ಅದು ಹೊಸದಲ್ಲ. ಒಂದು ಸಲ ಅದಕ್ಕೆ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಹಚ್ಚಿಕೊಂಡು ತಿಂದೆ. ಹುಲಾ ಕೇಳಿದ ಗೆಳೆಯ ಒಂದು ಬೆರಳು ಅದ್ದಿ ನೋಡಿದ. ಈಗ ತಿಂಗಳಿಗೊಂದು ಡಬ್ಬಿ ಹಿಂಡಿ ಅವನ ಮನೆಗೆ ಹೋಗುತ್ತದೆ. ಒಂದು ಎಚ್ಚರಿಕೆ, ಪೋಯ್ ಶರ್ಟಿನ ಮೇಲೆ ಬಿದ್ದರೆ ಒಣಗುವ ಮುಂಚೆ ಒರೆಸಿ. ಒಣಗಿದರೆ ಗಂಜಿ ಹಾಕಿದ ಹಂಗೆ ಅಲ್ಲಿಯೇ ಗಟ್ಟಿಯಾಗುತ್ತದೆ.

ಗೆಳೆಯನ ಮಗಳ ಮದುವೆಗೆ ಇದೇ ಶರ್ಟ್ ಹಾಕಿಕೊಂಡು ಹೋಗಿದ್ದೆ. ಕೊರಳಿಗೆ ಪಿಕಾಕೆ ಹೂವಿನ ಲೇ, ಅಂದರೆ ಹಾರ, ಹಾಕಿದರು. ಪಿಕಾಕೆ ಅಂದರೆ ನಮ್ಮ ದುಂಡು ಮಲ್ಲಿಗೆಯೇ. ಹವಾಯಿಯ ರಾಜಕುಮಾರಿ ಕಾಯಿಉಲಾನಿಗೆ ಮಲ್ಲಿಗೆಯೂ ಇಷ್ಟ, ನವಿಲೂ ಇಷ್ಟ. ಅದಕ್ಕೆ ನವಿಲಿನ ಹೆಸರು ಹೂವಿಗೂ ಬಂತು ಅನ್ನುತ್ತಾರೆ. ಚೌಕಡಿ ಇಳಕಲ್, ಮೇಲೆ ಮಲ್ಲಿಗೆ. ಫೋಟೋ ಅವ್ವನಿಗೆ ಕಳಿಸಿದೆ. "ಮದುಮಗ ನೀನೋ ಅಂವನೋ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನ್ ಮಾಡಿ, "ನನ್ನ ಮೂರು ಸೀರಿ ಎಲ್ಲೋ? ಇದು ನನ್ನದಲ್ಲ" ಅಂದಳು. ಫೋಟೋದಲ್ಲೇ ಗುರುತು ಹಿಡಿದಿದ್ದಳು.

ಅವ್ವನ ಸೀರೆಯಲ್ಲಿ ಉಳಿದ ತುಂಡುಗಳೆಲ್ಲ ಒಂದು ಚೀಲದಲ್ಲಿವೆ. ಆಂಟಿ ಹವಾಯಿಯ ಕೌದಿ ಹೊಲಿಯುತ್ತಾರೆ. ಬಟ್ಟೆಯನ್ನು ಎಂಟು ಮಡಿಕೆ ಮಡಚಿ ಒಂದೇ ಸಲ ಎಲೆ-ಹೂವಿನ ಆಕಾರ ಕತ್ತರಿಸಿ ಇನ್ನೊಂದರ ಮೇಲೆ ಹೊಲಿಯುವುದು. ಅದನ್ನು ಕಲಿಸಿಕೊಡಲಿಕ್ಕೆ ಒಪ್ಪಿದ್ದಾರೆ, ಬದಲಿಗೆ ತಮ್ಮ ಮೊಮ್ಮಗನಿಗೆ ಒಂದು ಶರ್ಟ್ ಹೊಲಿದು ಕೊಡಬೇಕಂತೆ. ಅವನಿಗೆ ಗುಳೇದಗುಡ್ಡದ ಖಣದಲ್ಲಿ ಹೊಲಿಯೋಣ ಅಂತಿದ್ದೇನೆ. ಖಣದ ಅಗಲ ಕಡಿಮೆ, ಆ ಹುಡುಗನ ಬೆನ್ನು ಬಾಗಿಲಿನಷ್ಟಿದೆ. ಎರಡು ತುಂಡು ಕೂಡಿಸಬೇಕು, ನಡುವಿನ ಹೊಲಿಗೆ ಕಾಣದ ಹಂಗೆ ಬುಟ್ಟಾ ಕೂಡಿಸಬೇಕು. ಪೇಪರಿನಲ್ಲಿ ಎರಡು ಸಲ ಕತ್ತರಿಸಿ ನೋಡಿದೆ, ಇನ್ನೂ ಸರಿ ಬಂದಿಲ್ಲ.