ಏಕಾದಶಿ ಉಪವಾಸ ಮಾಡಿದ್ರೆ ಪಾರ್ಕಿನ್ಸನ್ಸ್ ಹೋಗ್ತದಾ? ಮನೆಯ ಹಿರಿಯರಿಗೆ ಹೇಗೆ ಹೇಳೋದು

ಉಡುಪಿ ಕಡೆ ಕೈ ನಡುಗುವ ಅಜ್ಜ ಇರುವ ಮನೆಯ ಫ್ಯಾಮಿಲಿ ಗ್ರೂಪಿಗೆ ಈ ಫಾರ್ವರ್ಡ್ ಬಂದೇ ಬರ್ತದೆ, ಉಪವಾಸ ಕೂತ್ರೆ ಜೀವಕೋಶ ತನ್ನ ಕಸ ತಾನೇ ಗುಡಿಸ್ತದೆ, ಪಾರ್ಕಿನ್ಸನ್ಸ್ ಅನ್ನೋ ನರರೋಗ ಹೋಗ್ತದೆ, ಇದಕ್ಕೆ ನೊಬೆಲ್ ಸಿಕ್ಕಿದೆ ಅಂತ. ನಮ್ಮಜ್ಜ ಅದನ್ನ ಓದಿ ಏಕಾದಶಿ ದಿನ ಮಾತ್ರೆಯೂ ಬೇಡ ಅಂತ ಕೂತುಬಿಟ್ರು ಮಾರಾಯ್ರೆ.

ಮೊದಲು, ಎಲ್ಲಾ ಸುಳ್ಳು ಅಂತ ಜಗಳಕ್ಕೆ ಇಳೀಬೇಡಿ, ಅರ್ಧ ನಿಜ ಉಂಟು. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿಗೆ ನೊಬೆಲ್ ಬಂದದ್ದು ಆಟೋಫ್ಯಾಜಿ, ಅಂದ್ರೆ ಕೋಶ ತನ್ನ ಕಸ ತಾನೇ ಕರಗಿಸೋದರ ಮೇಲಿನ ಕೆಲಸಕ್ಕೇ, ಆದ್ರೆ ಅವರು ಉಪವಾಸ ಹಾಕಿದ್ದು ಯೀಸ್ಟಿಗೆ, ಅಜ್ಜಂದಿರಿಗಲ್ಲ.

ಆಮೇಲೆ ಮಂಗಳೂರಿನ ಕಸದ ಯಾರ್ಡು ಪಚ್ಚನಾಡಿಯ ಕಥೆ ಹೇಳಿ, ಇದು ಎಲ್ಲರಿಗೂ ಕೂಡ್ಲೇ ಅರ್ಥ ಆಗ್ತದೆ. ಕೋಶದೊಳಗೆ ಹಾಳಾದ ಪ್ರೋಟೀನು, ಹಳೇ ಮೈಟೋಕಾಂಡ್ರಿಯಾ ಎಲ್ಲ ಒಂದು ಚೀಲಕ್ಕೆ ತುಂಬಿ ಲೈಸೋಸೋಮ್ ಅನ್ನೋ ಜಾಗಕ್ಕೆ ಹೋಗ್ತದೆ, ಅಲ್ಲಿ ಆಸಿಡ್ಡು ಎನ್ಜೈಮು ಸೇರಿ ಕರಗಿಸ್ತವೆ. ನರಕೋಶಕ್ಕೆ ಇದು ಇಲ್ಲದೆ ಆಗುದಿಲ್ಲ, ಯಾಕಂದ್ರೆ ಅದು ಒಡೆದು ಎರಡಾಗೋದಿಲ್ಲ, ಕಸ ಹಂಚಿಹೋಗೋ ದಾರಿಯೇ ಇಲ್ಲ. 2006ರಲ್ಲಿ ಇಲಿಗಳ ನರಕೋಶದಲ್ಲಿ ಇದಕ್ಕೆ ಬೇಕಾದ ಒಂದು ಜೀನ್ ತೆಗೆದು ನೋಡಿದ್ರು, ಬೇರೆ ಯಾವ ರೋಗ ಕೊಡದಿದ್ರೂ ಪ್ರೋಟೀನ್ ಗಂಟು ಕಟ್ಟಿ ನಡಿಗೆಯೇ ತಪ್ಪಿತು. ಈಗ ಪಚ್ಚನಾಡಿಗೆ ಬನ್ನಿ. ಗಾಡಿ ದಿನಾ ಬಂದು ಕಸ ಸುರಿದ್ರೂ ಅದು ಅಲ್ಲೇ ಗುಡ್ಡೆ ಬಿದ್ದು 2019ರ ಮಳೆಗೆ ಜಾರಿ ಮಂದಾರ ಅನ್ನೋ ಊರಿನ ಮನೆ ತೋಟದ ಮೇಲೆ ಬಂತಲ್ಲ. ಮರೆವಿನ ರೋಗ ಅಲ್ಝೈಮರ್ಸ್ ಬಂದ ಮೆದುಳಲ್ಲೂ ಹಾಗೇ, ಕರಗದ ಚೀಲಗಳು ನರಕೋಶದಲ್ಲಿ ರಾಶಿ ಬಿದ್ದದ್ದು ಕಾಣ್ತದೆ. ಪಾರ್ಕಿನ್ಸನ್ಸಲ್ಲಿ ಕೆಲವರಿಗೆ ಲೈಸೋಸೋಮಿನ ಒಂದು ಎನ್ಜೈಮೇ ಕಮ್ಮಿ. ಅಂದ್ರೆ ಯಾರ್ಡೇ ಕಟ್ಟಿಕೊಂಡಿರುವಾಗ ಉಪವಾಸ ಮಾಡಿ ಇನ್ನೆರಡು ಗಾಡಿ ಕಳಿಸಿದ್ರೆ ಪ್ರಯೋಜನ ಆಗ್ತದೆ ಅಂತ ಹೇಳ್ಳಿಕ್ಕೆ ಆಗುದಿಲ್ಲ.

ಇನ್ನು ಮಾತ್ರೆ. ಪಾರ್ಕಿನ್ಸನ್ಸಿಗೆ ಕೊಡೋ ಲೆವೊಡೋಪಾ ಮಾತ್ರೆಯ ಟೈಮ್ ತಪ್ಪಿದ್ರೆ ಮೈ ಗಟ್ಟಿಯಾಗ್ತದೆ, ಹಠಾತ್ತಾಗಿ ಪೂರ್ತಿ ನಿಲ್ಲಿಸಿದ್ರೆ ಜ್ವರ ಬಂದು ಆಸ್ಪತ್ರೆ ಸೇರುವಷ್ಟು ಆಗಬಹುದು, ಇದರಲ್ಲಿ ಮಾತ್ರ ರಾಜಿ ಬೇಡ. ಉಪವಾಸ ಬೇಕೇ ಬೇಕು ಅಂದ್ರೆ ಡಾಕ್ಟರ ಹತ್ರ ಮೊದಲೇ ಕೇಳಿ.

ಖರೇ ಹೇಳಬೇಕಂದ್ರೆ ನಮ್ಮಜ್ಜನಿಗೆ ಈ ಸೈನ್ಸ್ ಯಾವುದೂ ನಾಟಲಿಲ್ಲ. ವ್ರತ ಕೆಡಿಸದ ಎಂಟು ವಸ್ತುಗಳಲ್ಲಿ ನೀರೂ ಔಷಧವೂ ಉಂಟಲ್ಲ ಅಂತ ಅಜ್ಜಿ ಹಳೇ ಶ್ಲೋಕ ನೆನಪಿಸಿದ ಮೇಲೆ ಮಾತಾಡದೆ ಲೋಟಕ್ಕೆ ಕೈ ಚಾಚಿದ್ರು.