ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್ ಕೊಳ್ಳುತ್ತೀರಾ? ಮೊದಲು ತಗಡು ನೋಡಿ

ಕೆರೆ ದಂಡೆಯಲ್ಲಿ ಚಾವಣಿ ಎತ್ತಿಕೊಂಡು ನಿಂತ ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್ ಕಂಡರೆ ಆಸೆಯಾಗದವರು ಕಡಿಮೆ. ಜರ್ಮನಿಯಲ್ಲಿ ಇದಕ್ಕೆ ‘ಬುಲ್ಲಿ’ ಅಂತ ಮುದ್ದಿನ ಹೆಸರಿದೆ. ಅಲ್ಲಿ ನೆಲೆಸಿರುವ ಕನ್ನಡಿಗರೇ, ನಿಮಗೂ ಈ ಆಸೆ ಇದ್ದರೆ ಖಂಡಿತ ಕೊಳ್ಳಬಹುದು. ಕೆಟ್ಟಿದ್ದನ್ನು ಸರಿಮಾಡಿಸಿ ವರ್ಷಗಟ್ಟಲೆ ಓಡಿಸಲೂಬಹುದು. ಆದರೆ ಹೆಚ್ಚಿನವರು ಒಳಗಿನ ಪುಟ್ಟ ಅಡುಗೆ ಕಟ್ಟೆ, ಮಡಚುವ ಹಾಸಿಗೆ, ಚೌಕಳಿ ಪರದೆ ನೋಡಿ ಮನಸೋತು ಮುಂಗಡ ಕೊಟ್ಟುಬಿಡುತ್ತಾರೆ. ಪರದೆ ಯಾವಾಗ ಬೇಕಾದರೂ ಹೊಲಿಸಬಹುದು. ತುಕ್ಕು ತಿಂದ ತಗಡು ಹಾಗಲ್ಲ. ಇಂಥ ಗಾಡಿಯಲ್ಲಿ ಖರ್ಚು ಕೈಮೀರುವುದು ಅಲ್ಲೇ.

ಯಾವ ಮಾಡೆಲ್?

ಈ ವ್ಯಾನಿನ ತಯಾರಿಕೆ ಶುರುವಾದದ್ದು 1950ರ ಮಾರ್ಚ್‌ನಲ್ಲಿ. 1967ರವರೆಗೆ ಬಂದವುಗಳಿಗೆ ಮುಂದಿನ ಗಾಜು ಎರಡು ತುಂಡು. ಅವುಗಳ ಬೆಲೆ ಈಗ ಗಗನಕ್ಕೇರಿದೆ. ಮೊದಲ ಬಾರಿ ಕೊಳ್ಳುವವರು 1967ರಿಂದ 1979ರವರೆಗೆ ಜರ್ಮನಿಯಲ್ಲಿ ತಯಾರಾದ, ಒಂದೇ ದೊಡ್ಡ ಗಾಜಿನ ‘ಟಿ2’ ನೋಡುವುದು ವಾಸಿ. ಅದರಲ್ಲೂ 1970ರ ಆಗಸ್ಟ್ ನಂತರದ್ದಾದರೆ ಮುಂದೆ ಡಿಸ್ಕ್ ಬ್ರೇಕ್ ಇರುತ್ತದೆ. 1600 ಸಿಸಿ ಎಂಜಿನ್‌ನದು 50 ಕುದುರೆ ಶಕ್ತಿಯ ಆಸುಪಾಸು, ಕೊನೆಯ ವರ್ಷಗಳ 2000 ಸಿಸಿಯದು 70. ಗುಡ್ಡಗಾಡಿನಲ್ಲಿ ಜಾಸ್ತಿ ಓಡಾಡುವವರಿಗೆ ಎರಡನೆಯದು ಅನುಕೂಲ. ರಿಪೇರಿ ಕಲಿಯಲು ಮೊದಲನೆಯದೇ ಸುಲಭ.

ಒಳಗಿನ ಮರದ ಕೆಲಸ, ಈ ವ್ಯಾನುಗಳನ್ನು ಕ್ಯಾಂಪರ್ ಮಾಡಿಕೊಡುತ್ತಿದ್ದ ವೆಸ್ಟ್‌ಫಾಲಿಯಾ ಕಂಪನಿಯದೇ ಅಂತ ಮಾರುವವರು ಹೇಳಿದರೆ, ಮುಂದಿನ ಸೀಟುಗಳ ಹಿಂದೆ ಸಣ್ಣ ಲೋಹದ ಪಟ್ಟಿಯೊಂದು ಇದೆಯಾ ನೋಡಿ. ಅದರಲ್ಲಿ ಅಂಕಿಗಳ ಸಾಲುಗಳಿರುತ್ತವೆ. ಕಾರ್ಖಾನೆಯಿಂದ ಹೊರಡುವಾಗ ಗಾಡಿಗೆ ಯಾವ ಬಣ್ಣವಿತ್ತು, ಏನೇನು ಜೋಡಿಸಿದ್ದರು, ಯಾವ ದೇಶಕ್ಕೆ ಹೋಯಿತು ಎಲ್ಲ ಅದರಿಂದ ತಿಳಿಯುತ್ತದೆ. ಚಾಸಿ ನಂಬರ್ ಎಂಜಿನ್ ಕೋಣೆಯ ಬಲಬದಿಯಲ್ಲಿ ಕೊರೆದಿರುತ್ತದೆ. ಅದು ಕಾಗದದ ನಂಬರಿಗೆ ಹೊಂದದಿದ್ದರೆ ಮಾತುಕತೆ ಅಲ್ಲಿಗೇ ಮುಗಿಸಿ.

ನೆಲಕ್ಕೆ ಮಲಗಿ ನೋಡಿ

ಟಾರ್ಚ್, ಬಟ್ಟೆ ಸುತ್ತಿದ ಆಯಸ್ಕಾಂತ, ಒಂದು ಸ್ಕ್ರೂ ಡ್ರೈವರ್, ಹಳೇ ಬಟ್ಟೆ. ಇಷ್ಟು ಜೊತೆಗಿರಲಿ. ಮಳೆಗಾಲದಲ್ಲಿ, ಇಲ್ಲವೇ ಗಾಡಿ ಒದ್ದೆಯಿರುವಾಗ ನೋಡಲು ಹೋಗಬೇಡಿ. ನೀರಿನ ಹೊಳಪಿನಲ್ಲಿ ಕೆಟ್ಟ ಪೇಂಟ್ ಕೂಡ ಚೆಂದ ಕಾಣುತ್ತದೆ.

ಮೊದಲು ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪಟ್ಟಿ ನೋಡಿ. ಹೊರಗಿನಿಂದ ಒಂದೇ ತಗಡು ಕಂಡರೂ ಒಳಗೆ ಇನ್ನೂ ಎರಡು ಪದರಗಳಿವೆ. ಗಾಡಿಯ ಬಿಗಿ ನಿಂತಿರುವುದೇ ಆ ಮೂರರ ಮೇಲೆ. ಹೊರಗಿನದನ್ನು ಮಾತ್ರ ಬದಲಿಸಿ, ಒಳಗಿನ ಎರಡನ್ನು ಕೊಳೆಯಲು ಬಿಟ್ಟು ಮಾರುವುದು ಹಳೇ ಚಾಳಿ. ಹಾಗಾಗಿ ಗಾಡಿಯ ಅಡಿಗೆ ಹೋಗಿ, ಮಾರುವವರ ಒಪ್ಪಿಗೆ ಪಡೆದು, ಒಳಬದಿಯನ್ನು ಸ್ಕ್ರೂ ಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಕೊಳೆತದ್ದು ಮೆತ್ತಗೆ ಒಳಗೆ ಹೋಗುತ್ತದೆ, ಕಂದು ಹಪ್ಪಳೆಗಳು ಮುಖದ ಮೇಲೆ ಉದುರುತ್ತವೆ. ಆಯಸ್ಕಾಂತ ಹಿಡಿಯದ ಕಡೆ ಒಳಗೆ ಪುಟ್ಟಿ ತುಂಬಿದ್ದಾರೆ ಅಂತ ತಿಳಿಯಿರಿ. ಅಡಿಗೆಲ್ಲ ಹೊಸದಾಗಿ ಕಪ್ಪು ಬಳಿದಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು.

ಆಮೇಲೆ ಮುಂದಿನ ಚಕ್ರಗಳ ಮೇಲಿನ ಕಮಾನು, ಜಾಕ್ ಕೊಡುವ ಜಾಗ, ಗಾಜಿನ ರಬ್ಬರಿನ ಕೆಳ ಅಂಚು, ಎಂಜಿನ್ ಪಕ್ಕದ ಬ್ಯಾಟರಿ ತಟ್ಟೆ ನೋಡಿ. ಪಕ್ಕದ ಜಾರುವ ಬಾಗಿಲನ್ನು ತೆರೆದು ಮುಚ್ಚಿ ನೋಡಿ. ಅದು ಎಲ್ಲೂ ತಡೆಯಬಾರದು, ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರಬೇಕು. ಇಲ್ಲದಿದ್ದರೆ ಗಾಡಿ ನಡುವಿನಲ್ಲಿ ಬಾಗಿರಬಹುದು.

ಎಂಜಿನ್ ಪರೀಕ್ಷೆ

ಎಂಜಿನ್ ಆಫ್ ಮಾಡಿ, ಹಿಂದಿನ ದೊಡ್ಡ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದು ತಳ್ಳಿ. ಕಂಡೂ ಕಾಣದಷ್ಟು ಅಲುಗಿದರೆ ಪರವಾಗಿಲ್ಲ, 0.15 ಮಿ.ಮೀ. ಮಿತಿ. ಟಕ್ ಟಕ್ ಅಂತ ಸದ್ದು ಕೈಗೆ ತಾಗಿದರೆ ಒಳಗೆ ಸವೆದಿದೆ, ಪೂರ್ತಿ ಬಿಚ್ಚಬೇಕಾಗುತ್ತದೆ. ಹಾಗಿದ್ದರೂ ಹೆದರಬೇಡಿ, ಬೆಲೆ ಇಳಿಸಿ ಕೇಳಿ. ಈ ಎಂಜಿನ್ನಿನ ಬಿಡಿಭಾಗಗಳು ಈಗಲೂ ಸಿಗುತ್ತವೆ. ಬ್ರೆಜಿಲ್‌ನಲ್ಲಿ ಇದೇ ವಂಶದ ವ್ಯಾನ್ 2013ರವರೆಗೂ ತಯಾರಾಗುತ್ತಿತ್ತು. ತಗಡು ಗಟ್ಟಿಯಿದ್ದು ಎಂಜಿನ್ ಕೆಟ್ಟ ಗಾಡಿ, ಎಂಜಿನ್ ಚೆನ್ನಾಗಿದ್ದು ತಗಡು ಕೊಳೆತ ಗಾಡಿ, ಎರಡೂ ಎದುರಿಗಿದ್ದರೆ ನಾನು ಮೊದಲನೆಯದನ್ನೇ ಕೊಳ್ಳಿ ಅನ್ನುತ್ತೇನೆ.

ಕೆಲಸ ಯಾವುದು ಮೊದಲು?

ವೆಲ್ಡಿಂಗ್ ಮೊದಲು. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಲಿ, ಬಾಗಿಲುಗಳು ಗಾಡಿಯಲ್ಲೇ ಇರಲಿ, ಸಂದು ಸರಿಯಿದೆಯಾ ಅಂತ ನಡುನಡುವೆ ನೋಡುತ್ತಿರಲಿ. ಮುಗಿದ ಮೇಲೆ ಟೊಳ್ಳು ಜಾಗಗಳ ಒಳಗೆ ಮೇಣ ಸಿಂಪಡಿಸಿ.

ನಂತರ ಪೆಟ್ರೋಲ್ ಪೈಪುಗಳು. ಇದನ್ನು ಮುಂದೂಡಲೇಬೇಡಿ. ಎಂಜಿನ್ ಬಿಸಿಗೆ ಹಳೇ ರಬ್ಬರ್ ಬಿರಿದು ಪೆಟ್ರೋಲ್ ಹನಿಕಿ, ಎಷ್ಟೋ ಬುಲ್ಲಿಗಳು ರಸ್ತೆಯಲ್ಲೇ ಸುಟ್ಟುಹೋಗಿವೆ. ಕಣ್ಣಿಗೆ ಕಾಣುವ ಪೈಪ್ ಮಾತ್ರ ಬದಲಿಸಿದರೆ ಸಾಲದು. ಟ್ಯಾಂಕಿನ ಹತ್ತಿರದ ಪೈಪುಗಳು ತಗಡಿನ ಗೋಡೆಯ ಆಚೆಗಿವೆ, ಅವನ್ನು ಮುಟ್ಟಲು ಎಂಜಿನ್ ಇಳಿಸಬೇಕು. ಇಳಿಸಿದಾಗಲೇ ಎಂಜಿನ್ ಸುತ್ತಲಿನ ರಬ್ಬರ್ ಪಟ್ಟಿಯನ್ನೂ ಹೊಸದು ಹಾಕಿಸಿ. ಇದು ಗಾಳಿಯಿಂದ ತಣ್ಣಗಾಗುವ ಎಂಜಿನ್. ಆ ಪಟ್ಟಿ ಇಲ್ಲದಿದ್ದರೆ ಕೆಳಗಿನ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ಕಾಯುತ್ತದೆ. ಒಂದು ಬೆಂಕಿ ಆರಿಸುವ ಸಿಲಿಂಡರ್ ಚಾಲಕನ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಬ್ರೇಕ್‌ನ ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ, ಒಳಗೆ ಊದಿಕೊಂಡಿರುತ್ತವೆ. ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಅಂತಿದ್ದರೆ 2019ರ 23ನೇ ವಾರದ್ದು. ಭಾರ ಹೊರುವ ಗಾಡಿಯಾದ್ದರಿಂದ 185 ಆರ್ 14 ಸಿ ಟೈರೇ ಬೇಕು, ಕಾರಿನ ಟೈರ್ ಬೇಡ.

1600 ಎಂಜಿನ್ನಿಗೆ ಆಯಿಲ್ ಫಿಲ್ಟರ್ ಇಲ್ಲ, ಒಂದು ಜಾಲರಿ ಮಾತ್ರ. ಹಿಡಿಯುವುದೇ ಎರಡೂವರೆ ಲೀಟರ್ ಆಯಿಲ್. ಹಾಗಾಗಿ 5000 ಕಿ.ಮೀ.ಗೆ ಒಮ್ಮೆ ಬದಲಿಸಿ. ಆಗಲೇ, ಎಂಜಿನ್ ಪೂರ್ತಿ ತಣ್ಣಗಿರುವಾಗ, ವಾಲ್ವ್ ಸಂದು 0.15 ಮಿ.ಮೀ.ಗೆ ಹೊಂದಿಸಿ. ಈ ಕೆಲಸ ನೀವೇ ಕಲಿತರೆ ಒಳ್ಳೆಯದು.

ಒಳಗಿನ ಕೆಲಸ ಕೊನೆಗೆ. ಎತ್ತುವ ಚಾವಣಿಯ ಕ್ಯಾನ್ವಾಸ್ ಹೊಸದು ಸಿಗುತ್ತದೆ. ಹಳೇ ಮರದ ಹಲಗೆಗಳನ್ನು ಮಾತ್ರ ಎಸೆಯಬೇಡಿ, ಅಂಚು ಹಾಳಾಗಿದ್ದರೂ ಅಳತೆಗೆ ಬೇಕಾಗುತ್ತವೆ. ಗ್ಯಾಸ್ ಒಲೆ ಉಳಿಸಿಕೊಂಡರೆ ಎರಡು ವರ್ಷಕ್ಕೊಮ್ಮೆ ಅದರ ಪರೀಕ್ಷೆ ಮಾಡಿಸಬೇಕು.

ನಂಬರ್ ಪ್ಲೇಟ್

ಜರ್ಮನಿಯಲ್ಲಿ 30 ವರ್ಷ ದಾಟಿದ, ಬಹುಮಟ್ಟಿಗೆ ಮೂಲ ರೂಪದಲ್ಲೇ ಇರುವ ಗಾಡಿಗೆ ‘ಎಚ್’ ಪ್ಲೇಟ್ ಸಿಗುತ್ತದೆ. ತೆರಿಗೆ ವರ್ಷಕ್ಕೆ 191.73 ಯೂರೋ, ಹೊಗೆ ನಿರ್ಬಂಧವಿರುವ ನಗರ ವಲಯಕ್ಕೂ ಪ್ರವೇಶವಿದೆ. 2017ರಿಂದ ಇದನ್ನು ಕೆಲವು ತಿಂಗಳಿಗೆ ಮಾತ್ರ ಎಂದೂ ಮಾಡಿಸಬಹುದು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಾಕು ಅಲ್ವಾ? ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ನೀವು ಮಾಡಿಸಿದ ವೆಲ್ಡಿಂಗನ್ನೆಲ್ಲ ಮತ್ತೆ ತಿನ್ನುತ್ತದೆ.

ಮೊದಲ ಓಟ ಊರಿನ ಹತ್ತಿರವೇ ಇರಲಿ. ಹತ್ತಿಪ್ಪತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಹತ್ತಿರ ಕೈ ಒಡ್ಡಿ ನೋಡಿ. ಒಂದು ಮಾತ್ರ ಜಾಸ್ತಿ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಚಕ್ರದ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಹಿಂದಿನ ಮುಚ್ಚಳ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಮತ್ತೆ ಚಾಲೂ ಮಾಡದೆ ಗ್ಯಾರೇಜಿಗೆ ಫೋನ್ ಮಾಡಿ.