ಗ್ರೆನಡಾಕ್ಕೆ ಬಂದಿಳಿದ ಕನ್ನಡಿಗರಿಗೆ: ಮೊದಲು ‘ಗುಡ್ ಮಾರ್ನಿಂಗ್’, ಮಿಕ್ಕಿದ್ದು ಆಮೇಲೆ

ಕ್ಯಾರಿಯಾಕೂ, ಪೆಟೀಟ್ ಮಾರ್ಟಿನಿಕ್ ದ್ವೀಪಗಳನ್ನು ಸೇರಿಸಿದರೂ ಗ್ರೆನಡಾ ಬರೀ 344 ಚದರ ಕಿಲೋಮೀಟರಿನ ಕೆರಿಬಿಯನ್ ದ್ವೀಪದೇಶ. ಜನಸಂಖ್ಯೆ ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಇಷ್ಟು ಚಿಕ್ಕ ಊರಲ್ಲಿ ನಿಮ್ಮ ನಡವಳಿಕೆ ನಿಮಗಿಂತ ಮುಂಚೆ ಊರು ಸುತ್ತುತ್ತದೆ. ಓದಲು, ಕೆಲಸಕ್ಕೆ ಎಂದು ಬರುವ ನಮ್ಮವರು ಎಡವುವುದು ಸಾಮಾನ್ಯವಾಗಿ ಮೊದಲ ಮಾತಿನಲ್ಲೇ. ಅಂಗಡಿಗೆ ಕಾಲಿಟ್ಟವರೇ ‘ಅಕ್ಕಿ ಎಷ್ಟು?’ ಎಂದು ಕೇಳಿಬಿಡುತ್ತಾರೆ. ಇಲ್ಲಿ ಅದು ಒರಟುತನ. ಮೊದಲು ‘ಗುಡ್ ಮಾರ್ನಿಂಗ್’ ಅಥವಾ ‘ಗುಡ್ ಆಫ್ಟರ್‌ನೂನ್’ ಹೇಳಿ, ಎದುರಿನವರು ಮರುನುಡಿಯುವವರೆಗೆ ಕಾಯಿರಿ. ಕತ್ತಲಾದ ಮೇಲೆ ಭೇಟಿಯಾದಾಗಲೂ ‘ಗುಡ್ ನೈಟ್’ ಎನ್ನುತ್ತಾರೆ. ಅದು ಬೀಳ್ಕೊಡುಗೆಯಲ್ಲ, ನಮಸ್ಕಾರ.

ಮಿನಿ ಬಸ್ಸಿಗೂ ಇದೇ ನಿಯಮ. ಹತ್ತಿದ ಕೂಡಲೇ ಇಡೀ ಬಸ್ಸಿಗೆ ಕೇಳುವಂತೆ ಒಮ್ಮೆ ಶುಭಾಶಯ ಹೇಳಿ ಕೂರಿ. ರಾಜಧಾನಿ ಸೇಂಟ್ ಜಾರ್ಜಸ್‌ನಿಂದ ಗ್ರ್ಯಾಂಡ್ ಆನ್ಸ್ ಕಡಲತೀರದ ಕಡೆಗೆ 1ನೇ ನಂಬರ್ ಬಸ್ಸು. ಇಳಿಯಬೇಕಾದರೆ ಬಸ್ಸಿನ ಒಳಮೈಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯಿರಿ. ದುಡ್ಡು ಕೊಡುವುದು ಇಳಿಯುವಾಗ, ಚಿಲ್ಲರೆ ಕೈಯಲ್ಲೇ ಇರಲಿ. ಭಾನುವಾರ ಬಸ್ಸು ತೀರಾ ಕಡಿಮೆ. ಆ ದಿನ ಯಾರದಾದರೂ ಮನೆಗೆ ಊಟಕ್ಕೆ ಹೋಗುವುದಿದ್ದರೆ ವಾಪಸು ಬರುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ.

ನಿಜವಾದ ಸ್ನೇಹ ಬೆಳೆಯುವುದು ‘ಲೈಮ್’ನಲ್ಲಿ. ಕೆಲಸವಿಲ್ಲದೆ ಸೇರಿ, ಹರಟೆ ಹೊಡೆದು, ತಿಂದು ಕುಡಿಯುವುದಕ್ಕೆ ಇಲ್ಲಿಯ ಹೆಸರು ಅದು. ಲೈಮ್ ಎಂದರೆ ಹೆಚ್ಚಾಗಿ ಸೌದೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ‘ಆಯಿಲ್‌ಡೌನ್’ ಬೇಯುತ್ತಿರುತ್ತದೆ. ಇದು ದೇಶದ ರಾಷ್ಟ್ರೀಯ ಅಡುಗೆ, ಆದರೆ ಕರಾವಳಿಯವರಿಗೆ ಪರಿಚಯದ ಸಾಮಾನುಗಳೇ: ಬ್ರೆಡ್‌ಫ್ರೂಟ್ ಎಂದರೆ ನಮ್ಮ ಜೀಗುಜ್ಜೆ, ಕಲಲೂ ಎಂದರೆ ಪತ್ರೊಡೆಯ ಕೆಸುವಿನೆಲೆ. ಸಂತೆಯಲ್ಲಿ ‘ಸ್ಯಾಫ್ರನ್’ ಎಂದು ಮಾರುವುದು ಕೇಸರಿಯಲ್ಲ, ಅರಿಶಿನ.

ಏಳೆಂಟು ಜನರ ಆಯಿಲ್‌ಡೌನ್‌ಗೆ ಬಲಿತ ದೊಡ್ಡ ಜೀಗುಜ್ಜೆ ಒಂದು, ಎರಡು ತೆಂಗಿನಕಾಯಿಯ ಹಾಲು, ಹತ್ತು ಹನ್ನೆರಡು ಕೆಸುವಿನೆಲೆ, ಐದಾರು ಬಾಳೆಕಾಯಿ, ಎರಡು ಚಮಚ ಅರಿಶಿನ, ಎರಡು ಲೋಟ ಮೈದಾದ ಉದ್ದುದ್ದ ಕಡುಬು ಸಾಕು. ಹಣ್ಣಾದ ಜೀಗುಜ್ಜೆ ಕರಗಿ ಗಂಜಿಯಾಗುತ್ತದೆ, ಗಟ್ಟಿ ಇರುವುದನ್ನೇ ಆರಿಸಿ. ಹಲಸಿನಂತೆ ಮೇಣ ಅಂಟುವುದರಿಂದ ಹೆಚ್ಚುವ ಮೊದಲು ಕೈಗೆ, ಚಾಕುವಿಗೆ ಎಣ್ಣೆ ಸವರಿ. ಉಪ್ಪಿನಲ್ಲಿ ಹಾಕಿಟ್ಟ ಮಾಂಸ, ಜೀಗುಜ್ಜೆ ತಳಕ್ಕೆ, ಬಾಳೆಕಾಯಿ ನಡುವೆ, ಕೆಸುವಿನೆಲೆ, ಕಡುಬು ಮೇಲಕ್ಕೆ. ಅರಿಶಿನ ಕದಡಿದ ಕಾಯಿಹಾಲು ಸುರಿದು ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಬೇಕು. ಹಾಲೆಲ್ಲ ಹೀರಿ ತಳದಲ್ಲಿ ಎಣ್ಣೆ ಮಾತ್ರ ಉಳಿದಾಗ ಅಡುಗೆ ಆಯಿತು, ಹೆಸರು ಬಂದದ್ದೂ ಅದರಿಂದಲೇ. ಸೌಟು ಹಾಕಿ ಕಲಕಬಾರದು. ಕೆಸುವಿನೆಲೆ ಅರೆಬೆಂದರೆ ಗಂಟಲು ಕೆರೆಯುತ್ತದೆ. ‘ಸೀಸನಿಂಗ್ ಪೆಪ್ಪರ್’ ಎಂಬ ಮೆಣಸಿನಕಾಯಿ ಪರಿಮಳಕ್ಕೆ ಮಾತ್ರ, ಖಾರ ಇಲ್ಲ. ಅದರಂತೆಯೇ ಕಾಣುವ ಸ್ಕಾಚ್ ಬಾನೆಟ್ ವಿಪರೀತ ಖಾರ, ಕೇಳಿಯೇ ಕೊಳ್ಳಿ.

ಸಸ್ಯಾಹಾರಿಗಳು ಬರೀ ‘ನೋ ಮೀಟ್’ ಎಂದರೆ ಸಾಲದು. ಒಣಮೀನನ್ನು ಅನೇಕರು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೊಪ್ಪಿನ ಸೂಪಿನಲ್ಲೂ ಹಂದಿಬಾಲ ಇರಬಹುದು. ಕೋಳಿ, ಮೀನು, ಹಂದಿ ಎಂದು ಹೆಸರು ಹಿಡಿದು ಎರಡು ದಿನ ಮೊದಲೇ ಹೇಳಿದರೆ ಚಿಕ್ಕ ಪಾತ್ರೆಯಲ್ಲಿ ಬೇರೆ ಮಾಡಿಕೊಡುತ್ತಾರೆ. ಒಂದು ತೆಂಗಿನಕಾಯಿಯೋ ಬಾಳೆಕಾಯಿ ಗೊನೆಯೋ ಹಿಡಿದುಕೊಂಡು ಹೋಗಿ, ಒಲೆಯ ಹತ್ತಿರ ಕೂತು ಕಡುಬು ಹೊಸೆಯಲು ಕೈ ಹಾಕಿ. ಊಟದ ಹೊತ್ತಿಗೆ ಬಂದು ಉಂಡು ಹೋಗುವವರನ್ನು ಮುಂದಿನ ಸಲ ಕರೆಯುವುದು ಕಷ್ಟ. ಹೊರಗೆ ತಿನ್ನುವುದಾದರೆ ರಾಸ್ತಫಾರಿ ಪಂಥದವರ ಸಸ್ಯಾಹಾರದ ‘ಐಟಲ್’ ಊಟವನ್ನು ಬಹುಮಟ್ಟಿಗೆ ನಂಬಬಹುದು.

ರೊಟ್ಟಿಯಲ್ಲಿ ಸುತ್ತಿದ ಕರಿ ಎಲ್ಲೆಡೆ ಸಿಗುತ್ತದೆ, ಆದರೆ ಕೋಳಿಯಲ್ಲಿ ಮೂಳೆ ಇರುವುದು ವಾಡಿಕೆ. ಈ ರೊಟ್ಟಿಯ ಹಿಂದೆ 1857ರಿಂದ ಕರಾರು ಕೂಲಿಗಳಾಗಿ ಬಂದ ಭಾರತೀಯರಿದ್ದಾರೆ. ಅವರ ಮರಿಮೊಮ್ಮಕ್ಕಳಲ್ಲಿ ಬಹುತೇಕರು ಕ್ರೈಸ್ತರು, ಅವರಾಡುವುದು ಇಂಗ್ಲಿಷ್. ‘ನೀವು ನಿಜವಾದ ಭಾರತೀಯರಾ?’ ಎಂದು ಕೇಳಿ ನೋಯಿಸಬೇಡಿ.

ವಿದ್ಯುತ್ತು 230 ವೋಲ್ಟಿನದು. ಊರಿನ ಮಿಕ್ಸಿ, ಕುಕ್ಕರ್ ನಡೆಯುತ್ತವೆ, ಬ್ರಿಟನ್ ಮಾದರಿಯ ಪ್ಲಗ್ ಅಡಾಪ್ಟರ್ ಮಾತ್ರ ಬೇಕು. ಮಿಲಿಟರಿ ಚಿತ್ತಾರದ ಬಟ್ಟೆ ಇಲ್ಲಿ ನಾಗರಿಕರಿಗೆ ನಿಷಿದ್ಧ, ಮಕ್ಕಳ ಚಡ್ಡಿಯನ್ನೂ ತರಬೇಡಿ. ಈಜುಡುಗೆಯಲ್ಲಿ ಪೇಟೆ ಸುತ್ತುವುದು ಯಾರಿಗೂ ಹಿಡಿಸುವುದಿಲ್ಲ. ಸಾವಿನ ಸುದ್ದಿ ರೇಡಿಯೋದಲ್ಲಿ ಬಂಧುಗಳ ಉದ್ದನೆಯ ಪಟ್ಟಿಯೊಂದಿಗೆ ಬರುತ್ತದೆ. ನೆರೆಯವರದಾದರೆ ಶಿಸ್ತಾದ ಉಡುಪಿನಲ್ಲಿ ಅಂತ್ಯಸಂಸ್ಕಾರಕ್ಕೆ ಹೋಗಿ ಬನ್ನಿ, ಆ ಉಪಕಾರ ಮರೆಯುವುದಿಲ್ಲ.

ಆಗಸ್ಟ್‌ನ ಎರಡನೇ ಸೋಮವಾರ, ಮಂಗಳವಾರ ‘ಸ್ಪೈಸ್‌ಮಾಸ್’ ಕಾರ್ನಿವಲ್. ಸೋಮವಾರ ನಸುಕಿನ ಮೆರವಣಿಗೆ ‘ಜೂವೇ’ಯಲ್ಲಿ ಮೈಗೆ ಕಪ್ಪು ಎಣ್ಣೆ ಬಳಿದು ಕೊಂಬು ತೊಟ್ಟ ‘ಜಾಬ್ ಜಾಬ್’ ವೇಷಧಾರಿಗಳು ಬೀದಿಗಿಳಿಯುತ್ತಾರೆ. ಗುಲಾಮಗಿರಿಯ ಸಂಕೋಲೆಯನ್ನೇ ಬೀದಿಯಲ್ಲಿ ಎಳೆದು ಕುಣಿಯುವ ಸಂಭ್ರಮ ಅದು, ದೆವ್ವದ ಪೂಜೆ ಎಂದು ತಿಳಿಯಬೇಡಿ. ಗುಂಪಿನೊಳಗೆ ಹೋದರೆ ಮೈಗೆ ಬಳಿಯುವುದು ಖಂಡಿತ. ಬಿಸಾಡುವ ಬಟ್ಟೆ, ಹಳೇ ಶೂ ತೊಟ್ಟು, ಮೊದಲೇ ಚರ್ಮಕ್ಕೆ, ಕೂದಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿಕೊಳ್ಳಿ. ಮನೆಗೆ ಬಂದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿದರೆ ಹೋಗುತ್ತದೆ. ಮೊದಲೇ ನೀರು ಸುರಿದುಕೊಂಡರೆ ಮೈಯೆಲ್ಲ ಹರಡುತ್ತದೆ.